ನಾಲ್ಕು ದಾರ, ನಾಲ್ಕು ಬಣ್ಣ: ಓವರ್‌ಲಾಕ್ ಯಂತ್ರ ಮುನಿಸಿಕೊಂಡಾಗ

ಮನೆಗೆ ಓವರ್‌ಲಾಕ್ ಯಂತ್ರ ತಂದವರ ಮೊದಲ ವಾರ ಹೆಚ್ಚುಕಡಿಮೆ ಒಂದೇ ಥರ ಕಳೆಯುತ್ತದೆ. ಅಂಗಡಿಯವರು ದಾರ ಪೋಣಿಸಿಯೇ ಕೊಟ್ಟಿರುತ್ತಾರೆ. ಎರಡು ದಿನ ಬ್ಲೌಸಿನ ಒಳಅಂಚುಗಳೆಲ್ಲ ರೆಡಿಮೇಡ್ ಉಡುಪಿನ ಹಾಗೆ ಬರುತ್ತವೆ. ಮೂರನೇ ದಿನ ಒಂದು ದಾರ ಕಡಿಯುತ್ತದೆ. ಮತ್ತೆ ಪೋಣಿಸಿದರೆ ಮತ್ತೆ ಕಡಿಯುತ್ತದೆ. ಯಂತ್ರ ಡಬ್ಬಿ ಸೇರುತ್ತದೆ, ಬ್ಲೌಸು ಎಂದಿನಂತೆ ಬೀದಿ ಕೊನೆಯ ಟೈಲರ್ ಅಂಗಡಿಗೆ ಹೋಗುತ್ತದೆ. ನನ್ನದೂ ಹೀಗೇ ಆರು ತಿಂಗಳು ಅಟ್ಟದ ಮೇಲಿತ್ತು. ಕೆಟ್ಟಿದ್ದೇನೂ ಇರಲಿಲ್ಲ, ನಾನು ದಾರ ಪೋಣಿಸಿದ ಸರದಿ ತಪ್ಪಿತ್ತು.

ಈ ಯಂತ್ರದಲ್ಲಿ ಬಾಬಿನ್ ಇಲ್ಲ. ಅದರ ಬದಲು ಎರಡು ಬಾಗಿದ ಕೊಕ್ಕೆಗಳಿವೆ: ಮೇಲಿನ ಲೂಪರ್, ಕೆಳಗಿನ ಲೂಪರ್. ಸೂಜಿ ಕೆಳಗಿಳಿದು ತುಸು ಮೇಲೇಳುವಾಗ ಅದರ ಬೆನ್ನಿಗೆ ಸಣ್ಣದೊಂದು ಕುಣಿಕೆ ಮೂಡುತ್ತದೆ. ಕೆಳಗಿನ ಲೂಪರ್ ಆ ಕುಣಿಕೆಯೊಳಗೆ ನುಗ್ಗುತ್ತದೆ. ಮೇಲಿನ ಲೂಪರ್ ಕೆಳಗಿನದರ ದಾರವನ್ನು ಹಿಡಿದು, ಬಟ್ಟೆಯ ಅಂಚನ್ನು ಸುತ್ತಿ ಮೇಲೆ ಬರುತ್ತದೆ. ಮತ್ತೆ ಇಳಿಯುವ ಸೂಜಿ ಅದರ ದಾರವನ್ನು ಅಲ್ಲೇ ಕಟ್ಟಿಹಾಕುತ್ತದೆ. ಹೆಚ್ಚುಕಡಿಮೆ ಕ್ರೋಶೆ ಹೆಣಿಗೆಯೇ. ಅದರ ಮೂಲವೂ ಅದೇ: ಅಮೆರಿಕದ ಕನೆಕ್ಟಿಕಟ್‌ನಲ್ಲಿ ಹೆಣಿಗೆ ಗಿರಣಿ ನಡೆಸುತ್ತಿದ್ದ ಮೆರೋ ಕುಟುಂಬದವರು ಹೆಣೆದ ಬಟ್ಟೆಯ ಅಂಚಿಗೆ ಕ್ರೋಶೆ ಯಂತ್ರಗಳನ್ನು ಮಾಡಿಕೊಂಡಿದ್ದರು, 1881ರಲ್ಲಿ ಜೋಸೆಫ್ ಮೆರೋ ಅದರಿಂದ ಓವರ್‌ಲಾಕ್ ಯಂತ್ರ ರೂಪಿಸಿದರು. ಮನೆಯ ಮೇಜಿನ ಮೇಲೆ ಕೂರುವ ಪುಟ್ಟ ಯಂತ್ರ ಬಂದದ್ದು 1960ರ ದಶಕದಲ್ಲಿ, ಜಪಾನಿನಿಂದ.

ಈಗ ಸರದಿಯ ವಿಷಯ. ಮೊದಲು ಮೇಲಿನ ಲೂಪರ್, ಆಮೇಲೆ ಕೆಳಗಿನದು, ಸೂಜಿಗಳು ಕೊನೆಗೆ. ಸೂಜಿಯ ದಾರ ಕೆಳಗಿನ ಲೂಪರಿನ ಮೇಲಿಂದ ಹಾದುಬರಬೇಕು. ಸೂಜಿಯಲ್ಲಿ ದಾರ ಇದ್ದಂತೆಯೇ ಕೆಳಗಿನ ಲೂಪರಿಗೆ ಪೋಣಿಸಿದರೆ ಅದು ಅಡಿಯಲ್ಲಿ ಸಿಕ್ಕಿಕೊಂಡು, ನಾಲ್ಕು ಹೊಲಿಗೆಯೊಳಗೇ ಕಡಿಯುತ್ತದೆ. ನಾನು ಅಟ್ಟಕ್ಕೇರಿಸಿದ್ದು ಇದಕ್ಕೇ. ಕೆಳಗಿನ ಲೂಪರಿನ ದಾರ ಕಡಿದಾಗ ಮೊದಲು ಸೂಜಿಗಳ ದಾರ ಎಳೆದುಹಾಕಿ, ಲೂಪರಿಗೆ ಪೋಣಿಸಿ, ಮತ್ತೆ ಸೂಜಿಗೆ ಬನ್ನಿ.

ಪೋಣಿಸುವಾಗ ಪ್ರೆಷರ್ ಫುಟ್ ಎತ್ತಿರಲಿ. ಬಹುತೇಕ ಯಂತ್ರಗಳಲ್ಲಿ ಆಗ ಮಾತ್ರ ಟೆನ್ಶನ್ ಬಿಲ್ಲೆಗಳು ಬಾಯಿ ಬಿಡುತ್ತವೆ. ದಾರವನ್ನು ಎರಡೂ ಕೈಯಲ್ಲಿ ಹಿಡಿದು ಬಿಲ್ಲೆಗಳ ನಡುವೆ ಒಮ್ಮೆ ಜಗ್ಗಿ ಕೂರಿಸಿ. ದಾರ ಬಿಲ್ಲೆಯ ಹೊರಗೇ ಉಳಿದರೆ ಟೆನ್ಶನ್ ನಾಲ್ಕಿರಲಿ ಒಂಬತ್ತಿರಲಿ, ಎರಡೂ ಒಂದೇ. ಹಿಂದಿನ ದಾರದ ಕಂಬವನ್ನು ಪೂರ್ತಿ ಮೇಲಕ್ಕೆಳೆದಿಡುವುದನ್ನೂ ಜನ ಮರೆಯುತ್ತಾರೆ. ಅರ್ಧಕ್ಕೆ ನಿಂತ ಕಂಬದಲ್ಲಿ ಕೋನ್‌ನ ದಾರ ತಡೆತಡೆದು ಬರುತ್ತದೆ.

ಬಣ್ಣ ಬದಲಿಸಲು ಇಷ್ಟೆಲ್ಲ ಬೇಕಿಲ್ಲ. ಹಳೆ ದಾರವನ್ನು ಕೋನ್ ಹತ್ತಿರ ಕತ್ತರಿಸಿ, ಹೊಸ ದಾರಕ್ಕೆ ಗಂಟು ಹಾಕಿ, ಟೆನ್ಶನ್ ಸೊನ್ನೆಗಿಳಿಸಿ ನಿಧಾನಕ್ಕೆ ಓಡಿಸಿದರೆ ಲೂಪರ್‌ಗಳ ಗಂಟು ತಾನೇ ದಾಟಿಬರುತ್ತದೆ. ಸೂಜಿಯ ಗಂಟನ್ನು ಮಾತ್ರ ಕಣ್ಣಿಗೆ ಮುಂಚೆಯೇ ಕತ್ತರಿಸಿ ಕೈಯಿಂದ ಪೋಣಿಸಬೇಕು.

ಪೋಣಿಸಿದ್ದು ಸರಿಯಿದ್ದೂ ಹೊಲಿಗೆ ಸೊಟ್ಟಗೆ ಬಂದರೆ ಟೆನ್ಶನ್ ಗುಂಡಿಗಳನ್ನು ತೋಚಿದಂತೆ ತಿರುಗಿಸಬೇಡಿ. ನಾಲ್ಕು ಬಣ್ಣದ ದಾರ ಹಾಕಿ: ಎಡಸೂಜಿಗೆ ಕೆಂಪು, ಬಲಸೂಜಿಗೆ ಹಳದಿ, ಮೇಲಿನ ಲೂಪರಿಗೆ ನೀಲಿ, ಕೆಳಗಿನದಕ್ಕೆ ಹಸಿರು. ನಾಲ್ಕೂ ಗುಂಡಿ ನಡುವಿನ ಅಂಕಿಗಿಟ್ಟು ಎರಡು ಪದರ ಬಿಳಿ ಪಾಪ್ಲಿನ್ ಚೂರಿನ ಮೇಲೆ ಒಂದು ಗೇಣು ಹೊಲಿಯಿರಿ. ಸರಿಯಿದ್ದರೆ ಮೇಲ್ಮೈಯಲ್ಲಿ ಕೆಂಪು, ಹಳದಿಯ ನೇರ ಸಾಲು, ನೀಲಿಯ ಕುಣಿಕೆ, ಹಿಂಬದಿಯಲ್ಲಿ ಹಸಿರು, ನೀಲಿ ಹಸಿರು ಎರಡೂ ಬಟ್ಟೆಯ ಅಂಚಿನ ಮೇಲೇ ಸಂಧಿಸಬೇಕು.

ನೀಲಿ ಹಿಂಬದಿಗೆ ಇಣುಕಿದೆಯೇ? ಮೇಲಿನ ಲೂಪರ್ ಸಡಿಲ, ಇಲ್ಲವೇ ಕೆಳಗಿನದು ಬಿಗಿ. ಹಸಿರು ಮೇಲೆ ಹತ್ತಿದ್ದರೆ ಇದರ ತಿರುಗುಮುರುಗು. ಕೆಂಪು ಹಿಂಬದಿಯಲ್ಲಿ ಏಣಿಯ ಮೆಟ್ಟಿಲಂತೆ ಕಂಡು, ಎಳೆದರೆ ಹೊಲಿಗೆ ಬಾಯಿ ಬಿಡುತ್ತಿದ್ದರೆ ಎಡಸೂಜಿ ಸಡಿಲ. ಹೊಲಿಗೆಯುದ್ದಕ್ಕೂ ಬಟ್ಟೆ ನೆರಿಗೆಯಾದರೆ ಸೂಜಿದಾರ ಬಿಗಿ. ಒಂದು ಸಲಕ್ಕೆ ಒಂದೇ ಗುಂಡಿ, ಅದೂ ಅರ್ಧ ಅಂಕಿ; ಮತ್ತೆ ಹೊಲಿದು ನೋಡಿ. ಬಿಗಿ ಮಾಡುವ ಮುಂಚೆ ಎದುರಿನದನ್ನು ಸಡಿಲಿಸಿ ನೋಡುವುದು ನನ್ನ ರೂಢಿ. ಎಲ್ಲವನ್ನೂ ಬಿಗಿ ಮಾಡುತ್ತ ಹೋದವರ ಕೈಯಲ್ಲಿ ಕೊನೆಗೆ ಉಳಿಯುವುದು ಕಡಿದ ದಾರವೇ.

ಟೆನ್ಶನ್‌ಗೆ ಸಂಬಂಧವೇ ಇಲ್ಲದ ಎರಡು ದೋಷ ಅದರ ಹಾಗೇ ಕಾಣುತ್ತವೆ. ಅಂಚು ಹೊಲಿಗೆಯೊಳಗೆ ಸುರುಳಿಯಾದರೆ ಬಟ್ಟೆ ಹೆಚ್ಚಾಗಿ ಉಳಿಯುತ್ತಿದೆ, ಕತ್ತರಿಸುವ ಅಗಲ ಕಡಿಮೆ ಮಾಡಿ. ಕುಣಿಕೆಗಳು ಅಂಚಿನಾಚೆ ಜೋತಾಡಿದರೆ ಅಗಲ ಹೆಚ್ಚಿಸಿ. ಇನ್ನು ಟೀ ಶರ್ಟ್ ಬಟ್ಟೆಯ ಅಂಚು ಅಲೆಅಲೆಯಾಗುವುದು ಡಿಫರೆನ್ಷಿಯಲ್ ಫೀಡ್‌ನ ವಿಷಯ. ಬಟ್ಟೆ ಎಳೆಯುವ ಹಲ್ಲು ಇಲ್ಲಿ ಮುಂದೊಂದು ಹಿಂದೊಂದು ಜೋಡಿ. ಅಂಕಿ 1ಕ್ಕಿಂತ ಮೇಲೇರಿಸಿದರೆ ಮುಂದಿನ ಹಲ್ಲು ಹೆಚ್ಚು ಬಟ್ಟೆ ನೂಕಿ ಅಲೆಯನ್ನು ಅಡಗಿಸುತ್ತದೆ. ಶಿಫಾನ್ ವೇಲ್ ಸುಕ್ಕಾದರೆ 1ಕ್ಕಿಂತ ಕೆಳಗಿಳಿಸಿ.

ಹೊಲಿಗೆ ಮಿಸ್ ಆಗುತ್ತಿದ್ದರೆ ಮೊದಲ ಗುಮಾನಿ ಸೂಜಿಯ ಮೇಲಿರಲಿ. ಕಣ್ಣಿಗೆ ಕಾಣದಷ್ಟು ಬಾಗಿದ ಸೂಜಿಯೂ ಲೂಪರಿಗೆ ಕುಣಿಕೆ ಒಪ್ಪಿಸಲಾರದು. ಎಲ್ಲ ಯಂತ್ರಕ್ಕೂ ಒಂದೇ ಸೂಜಿಯಲ್ಲ. ಕೆಲವು ಸಾದಾ ಮನೆಯಂತ್ರದ ಸೂಜಿ ಒಪ್ಪುತ್ತವೆ, ಕೆಲವಕ್ಕೆ ಬೇರೆಯದೇ ಬೇಕು. ಕೈಪಿಡಿ ನೋಡಿ, ಇಲ್ಲವೇ ಹಳೆ ಸೂಜಿಯನ್ನೇ ಅಂಗಡಿಗೆ ಒಯ್ಯಿರಿ. ಹೊಸದನ್ನು ಚಪ್ಪಟೆ ಬದಿ ಹಿಂದಕ್ಕಿಟ್ಟು, ತಡೆಯುವವರೆಗೂ ಮೇಲಕ್ಕೆ ನೂಕಿ ಸ್ಕ್ರೂ ಬಿಗಿ ಮಾಡಿ. ಎರಡು ಸೂಜಿಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಡದ್ದು ತುಸು ಮೇಲೇ ನಿಲ್ಲುತ್ತದೆ. ಸಮ ಇರಲೆಂದು ಅದನ್ನು ಕೆಳಗೆಳೆದವರನ್ನು ನಾನೇ ನೋಡಿದ್ದೇನೆ.

ಚಾಕು ಎರಡು, ಒಂದು ಅಲುಗಾಡುವುದು, ಇನ್ನೊಂದು ಪ್ಲೇಟಿನ ಮಟ್ಟಕ್ಕೆ ನಿಂತದ್ದು. ಅಂಚು ಜಗಿದಂತೆ ಬಂದರೆ ನಿಂತ ಚಾಕು ಬದಲಿಸುವ ಹೊತ್ತಾಗಿದೆ. ಚಾಕುವಿನ ಶತ್ರು ಗುಂಡುಸೂಜಿ. ಒಂದೇ ಒಂದು ಅಡಿಗೆ ಸಿಕ್ಕರೂ ಬಾಯಿ ಹಲ್ಲುಬೀಳುತ್ತದೆ. ಓವರ್‌ಲಾಕ್‌ಗೆ ಬಟ್ಟೆ ಜೋಡಿಸಲು ನಾನು ಒಣಹಾಕುವ ಬಟ್ಟೆಯ ಕ್ಲಿಪ್ಪನ್ನೇ ಬಳಸುತ್ತೇನೆ.

ಹೊಲಿಯುತ್ತಲೇ ಕತ್ತರಿಸುವ ಯಂತ್ರವಾದ್ದರಿಂದ ಇದರ ಹೊಟ್ಟೆಯಲ್ಲಿ ನಾರುಧೂಳು ಬೇಗ ತುಂಬುತ್ತದೆ, ಅದರಲ್ಲೂ ಕಾಟನ್ ಹೊಲಿದಾಗ. ಪ್ಲಗ್ ಕಿತ್ತು, ಮುಂದಿನ ಬಾಗಿಲು ತೆರೆದು, ಬ್ರಷ್‌ನಿಂದ ಹೊರಕ್ಕೆ ಗುಡಿಸಿ. ಬಾಯಿಂದ ಊದಿದರೆ ಧೂಳು ಇನ್ನೂ ಒಳಕ್ಕೆ ಸೇರುತ್ತದೆ, ಜೊತೆಗೆ ಉಸಿರಿನ ತೇವವೂ. ಎಣ್ಣೆ ಹಾಕುವುದು ಆಮೇಲೆ, ಕೈಪಿಡಿ ತೋರಿಸಿದ ಜಾಗಕ್ಕೆ ಒಂದೊಂದೇ ಹನಿ. ಹೊಲಿಗೆ ಯಂತ್ರದ ತೆಳು ಬಣ್ಣರಹಿತ ಎಣ್ಣೆಯೇ ಬೇಕು. ಕೊಬ್ಬರಿಎಣ್ಣೆ ಹಾಕಿದ ಯಂತ್ರ ಡಿಸೆಂಬರ್ ಬೆಳಗ್ಗೆ ಅಲುಗುವುದಿಲ್ಲ: ಸುಮಾರು 24 ಡಿಗ್ರಿಗೇ ಅದು ಹೆಪ್ಪುಗಟ್ಟುತ್ತದೆ, ಹಳತಾದರೆ ಅಂಟಾಗುತ್ತದೆ. ಎಣ್ಣೆ ಬಿಟ್ಟ ಮೇಲೆ ಚೂರು ಬಟ್ಟೆಯಲ್ಲಿ ಒಂದಿಷ್ಟು ಓಡಿಸಿ, ಇಲ್ಲವಾದರೆ ಮೊದಲ ಕಲೆ ರೇಷ್ಮೆ ಬ್ಲೌಸಿನ ಮೇಲೇ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಓಡಿಸದಿದ್ದರೆ ಲೂಪರಿಗೆ ತುಕ್ಕು ಹಿಡಿಯುತ್ತದೆ, ಆ ಒರಟಿಗೆ ದಾರ ಸೀಳುತ್ತದೆ.

ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಗಾರ್ಮೆಂಟ್ಸಿಗೆ ಹೋಗಿಬಂದವರಿಗೆ ಈ ಯಂತ್ರ ಹೊಸದಲ್ಲ. ಆದರೆ ಅಲ್ಲಿ ಕೂಗಿದರೆ ಮೆಕ್ಯಾನಿಕ್ ಬರುತ್ತಾನೆ. ಮನೆಯಲ್ಲಿ ಅವನನ್ನು ಕರೆಯಬೇಕಾದ್ದು ಅಪರೂಪಕ್ಕೆ: ಹೊಸ ಸೂಜಿ ಹಾಕಿಯೂ ಹೊಲಿಗೆ ಮಿಸ್ ಆಗುತ್ತಿದ್ದರೆ, ಸೂಜಿ ಲೂಪರಿಗೆ ತಾಗಿ ಟಕ್‌ಟಕ್ ಎನ್ನುತ್ತಿದ್ದರೆ, ಬದಿಯ ಚಕ್ರ ಕೈಯಲ್ಲೇ ತಿರುಗದಿದ್ದರೆ. ಲೂಪರಿನ ಟೈಮಿಂಗ್ ಸ್ಕ್ರೂ ಮುಟ್ಟುವುದು ಅವನ ಕೆಲಸ. ಫೋನಿನಲ್ಲಿ "ಹೊಲಿಗೆ ಸರಿ ಬರ್ತಿಲ್ಲ" ಎಂದರೆ ಅವನಿಗೇನೂ ತಿಳಿಯದು. ಆ ನಾಲ್ಕು ಬಣ್ಣದ ಚೂರಿನ ಎರಡೂ ಬದಿಯ ಫೋಟೋ ವಾಟ್ಸಾಪ್ ಮಾಡಿ.