ಜರಡಿಯಿಂದ ಜಾರುವ ಏಡಿಗಂತಿ

ಎದೆಯ ಕ್ಷ-ಕಿರಣ ಚಿತ್ರವೆಂಬುದು ನೆರಳಿನ ಮೇಲೆ ನೆರಳು ಬಿದ್ದ ಚಿತ್ರ. ಹೃದಯದ ಹಿಂದೆಯೋ ಕೊರಳೆಲುಬಿನ ಮರೆಯಲ್ಲಿಯೋ ಕುಳಿತ ಸಣ್ಣ ಗಂತಿ ಅದರಲ್ಲಿ ಕಾಣದೆಹೋಗಬಹುದು. ಸಿ.ಟಿ. ಯಂತ್ರವಾದರೋ ಎದೆಯನ್ನು ಹಾಳೆಹಾಳೆಯಾಗಿ ಬಿಡಿಸಿ ತೋರಿಸುತ್ತದೆ. ಅಮೆರಿಕದಲ್ಲಿ ಧೂಮಪಾನದ ಚಟವಿದ್ದ, ಇಲ್ಲವೆ ಅದನ್ನು ಬಿಟ್ಟಿದ್ದ 53,454 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶ್ವಾಸಕೋಶದ ಏಡಿಗಂತಿಯ ಸಾವು ಕ್ಷ-ಕಿರಣದವರಿಗಿಂತ ಸಿ.ಟಿ.ಯವರಲ್ಲಿ ನೂರಕ್ಕೆ 20ರಷ್ಟು ಕಡಿಮೆಯಾಯಿತು. ಆದರೂ ಸಣ್ಣಕೋಶದ ಗಂತಿಯು ಎರಡು ವಾರ್ಷಿಕ ತಪಾಸಣೆಗಳ ನಡುವೆಯೇ ಬೆಳೆದು ಹರಡಬಲ್ಲುದು. ಇನ್ನು ಅಲ್ಲಿನ 2021ರ ಸಲಹೆಯು 50ರಿಂದ 80 ವಯಸ್ಸಿನ, ಬಹಳವಾಗಿ ಸೇದಿದವರನ್ನು ಮಾತ್ರ ಕರೆಯುತ್ತದೆ. ಬೀಡಿ ಮುಟ್ಟದೆ ಸೌದೆಯೊಲೆಯ ಹೊಗೆಯನ್ನೇ ಉಂಡ ನಮ್ಮ ತಾಯಂದಿರು ಆ ಲೆಕ್ಕಕ್ಕೆ ಸೇರುವವರಲ್ಲ! ನಮ್ಮಲ್ಲಂತೂ ಕೆಮ್ಮೆಂದರೆ ಕ್ಷಯವೆಂದು ತಿಂಗಳುಗಟ್ಟಲೆ ಔಷಧ ನಡೆದ ಮೇಲೆ ನಿಜ ತಿಳಿಯುವುದೂ ಉಂಟು.