ಕಾಲುದಾರಿಯ ಕಲ್ಲೂ ನಗರಸಭೆಯ ಹೊಣೆಯೂ

ಬೀದಿಯಂಚಿನ ಕಾಲುದಾರಿಯಲ್ಲಿ ಹಾಸುಗಲ್ಲೊಂದು ಒಂದು ಅಂಗುಲ ಮೇಲೆದ್ದಿರುವುದು ಬಹಳ ಸಣ್ಣ ಸಂಗತಿ. ಅದನ್ನು ಎಡವಿ ಬಿದ್ದ ವೃದ್ಧೆಯೊಬ್ಬಳ ತೊಡೆಯೆಲುಬು ಮುರಿದರೆ ಅದು ಸಣ್ಣ ಸಂಗತಿಯಾಗಿ ಉಳಿಯುವುದಿಲ್ಲ. ಆಸ್ಪತ್ರೆಯ ಖರ್ಚು, ತಿಂಗಳುಗಟ್ಟಲೆ ಹಾಸಿಗೆ, ಕೆಲವರ ಪಾಲಿಗೆ ಎಂದಿಗೂ ಹಿಂದಿರುಗದ ನಡಿಗೆ. ಈ ನಷ್ಟವನ್ನು ಹೊರತಕ್ಕವರು ಯಾರು? ಬಿದ್ದವರೇ, ಕಲ್ಲನ್ನು ಹಾಸಿ ಮರೆತವರೇ? ಇಂಗ್ಲೆಂಡಿನ ನ್ಯಾಯಾಲಯಗಳು ಇನ್ನೂರು ವರ್ಷಗಳಿಗೂ ಮಿಕ್ಕು ಈ ಪ್ರಶ್ನೆಯೊಡನೆ ಸೆಣಸಿವೆ. ನಮ್ಮ ದೇಶದ ಅಪಕೃತ್ಯ ನ್ಯಾಯವೂ ಬಹುಮಟ್ಟಿಗೆ ಆ ಮೂಲದಿಂದಲೇ ಹರಿದು ಬಂದುದಾದ್ದರಿಂದ, ಆ ಕಥೆಯನ್ನು ಕೇಳುವುದು ನಮಗೆ ಅಪ್ರಕೃತವಾಗಲಾರದು.

ಕಥೆ ಆರಂಭವಾಗುವುದು ಕಾಲುದಾರಿಯಿಂದಲ್ಲ, ಒಂದು ಸೇತುವೆಯಿಂದ. ಡೆವನ್ ಪ್ರಾಂತದಲ್ಲಿ ಶಿಥಿಲವಾಗಿದ್ದ ಸೇತುವೆಯೊಂದರ ಮೇಲೆ ಒಬ್ಬನ ಗಾಡಿ ಜಖಂ ಆಯಿತು. ಸೇತುವೆಯನ್ನು ದುರಸ್ತಾಗಿಡುವ ಹೊಣೆ ಅಂದು ಪ್ರಾಂತದ ನಿವಾಸಿಗಳೆಲ್ಲರದಾಗಿದ್ದುದರಿಂದ ಆತನು ಅವರೆಲ್ಲರ ಮೇಲೆಯೂ ದಾವೆ ಹೂಡಿದನು! 1788ರಲ್ಲಿ ನ್ಯಾಯಾಧೀಶರು ಅದನ್ನು ತಳ್ಳಿಹಾಕಿದರು. ನಿವಾಸಿಗಳಿಗೆ ಸಾಮೂಹಿಕವಾದ ನಿಧಿಯಿಲ್ಲ, ಹಣ ಯಾರಿಂದ ವಸೂಲು ಮಾಡುವುದು ಎಂಬುದು ಒಂದು ಕಾರಣ. ಸಾರ್ವಜನಿಕರೆಲ್ಲರೂ ತೊಂದರೆಪಡುವುದಕ್ಕಿಂತ ಒಬ್ಬನು ನಷ್ಟವನ್ನು ಸಹಿಸಿಕೊಳ್ಳುವುದು ಲೇಸೆಂಬುದು ಇನ್ನೊಂದು. ಮುಂದೆ ಕೌನ್ಸಿಲುಗಳು ಹುಟ್ಟಿದವು, ತೆರಿಗೆ ಎತ್ತಿದವು, ಬೊಕ್ಕಸವನ್ನು ಇಟ್ಟುಕೊಂಡವು. ಆದರೆ ಕಾರಣವು ಹೋದ ಮೇಲೂ ನಿಯಮವು ಹೋಗಲಿಲ್ಲ. ನ್ಯಾಯಶಾಸ್ತ್ರದಲ್ಲಿ ಇದು ಅಪರೂಪವೇನೂ ಅಲ್ಲ.

ಹೀಗೆ ಉಳಿದ ನಿಯಮದಿಂದ ಒಂದು ವಿಚಿತ್ರವಾದ ಭೇದವು ಬೆಳೆಯಿತು. ರಸ್ತೆಯನ್ನು ಕೆಟ್ಟದಾಗಿ ದುರಸ್ತಿ ಮಾಡಿ ಅಪಾಯವನ್ನುಂಟುಮಾಡಿದರೆ ಕೌನ್ಸಿಲು ಪರಿಹಾರ ಕೊಡಬೇಕು. ದುರಸ್ತಿಯನ್ನೇ ಮಾಡದೆ ಕೈಕಟ್ಟಿ ಕುಳಿತರೆ ಕೊಡಬೇಕಾಗಿಲ್ಲ. ಮಾಡಿ ಕೆಡಿಸುವುದು ತಪ್ಪು, ಮಾಡದೆ ಬಿಡುವುದು ತಪ್ಪಲ್ಲ. ಮೈಗಳ್ಳನಿಗೆ ರಕ್ಷೆ, ಅರೆಬರೆ ಕೆಲಸಗಾರನಿಗೆ ದಂಡ. ಪಾರ್ಲಿಮೆಂಟು ಈ ಆಭಾಸವನ್ನು ತೊಡೆದುಹಾಕಿದ್ದು 1961ರ ಶಾಸನದಿಂದ. ಆ ವಿಧಿ ಆಚರಣೆಗೆ ಬಂದದ್ದು 1964ರಲ್ಲಿ. ಇಂದು ಇಂಗ್ಲೆಂಡಿನಲ್ಲಿಯೂ ವೇಲ್ಸಿನಲ್ಲಿಯೂ ಈ ವಿಷಯಕ್ಕೆ ಆಧಾರವಾಗಿರುವುದು 1980ರ ಹೆದ್ದಾರಿ ಶಾಸನ. ಅದರ 41ನೆಯ ಪ್ರಕರಣವು ಸಾರ್ವಜನಿಕ ರಸ್ತೆಯನ್ನು, ಅದರಲ್ಲಿ ಸೇರಿದ ಕಾಲುದಾರಿಯನ್ನು, ಸುಸ್ಥಿತಿಯಲ್ಲಿಡುವ ಕರ್ತವ್ಯವನ್ನು ಅಧಿಕಾರಿವರ್ಗದ ಮೇಲೆ ಹೊರಿಸುತ್ತದೆ.

ಹಾಗೆಂದು ಬಿದ್ದವರಿಗೆಲ್ಲ ಹಣ ದೊರೆಯುವುದೆಂದು ಭಾವಿಸತಕ್ಕದ್ದಲ್ಲ. ವಾದಿಯು ಮೂರು ಮಾತುಗಳನ್ನು ಸ್ಥಾಪಿಸಬೇಕು. ಆ ಸ್ಥಳವು ಸಾಮಾನ್ಯ ಜನರ ಓಡಾಟಕ್ಕೆ ನಿಜವಾಗಿ ಅಪಾಯಕರವಾಗಿತ್ತು. ದುರಸ್ತಿಯ ಲೋಪದಿಂದಲೇ ಹಾಗಾಯಿತು. ತನಗೆ ಪೆಟ್ಟಾದದ್ದು ಅದರಿಂದಲೇ. ಇವುಗಳಲ್ಲಿ ಮೊದಲನೆಯದೇ ಬಲು ತೊಡಕಿನದು. ಎಷ್ಟು ಎತ್ತರದ ಅಂಚು ಅಪಾಯ? 1960ರ ದಶಕದಲ್ಲಿ ಲಿವರ್‌ಪೂಲ್ ನಗರದ ಮೇಲೆ ಸಾಲಾಗಿ ಇಂಥ ದಾವೆಗಳು ಬಂದವು. ಒಂದರಲ್ಲಿ ಹಾಸುಗಲ್ಲು ಅಲ್ಲಾಡುತ್ತಿತ್ತು, ಅರ್ಧ ಅಂಗುಲ ಮೇಲೆದ್ದಿತ್ತು. ವಾದಿಗೆ ಗೆಲುವಾಯಿತಾದರೂ ಅದು ನಿಜವಾಗಿ ಅಪಾಯವೇ ಎಂದು ಮೇಲಿನ ನ್ಯಾಯಾಧೀಶರೇ ಸಂಶಯಪಟ್ಟರು. 1968ರ ಇನ್ನೊಂದರಲ್ಲಿ, ಸುಮಾರು ಒಂದು ಅಂಗುಲದಷ್ಟು ಏರುಪೇರನ್ನು ನಡೆಯುವವರು ಸಹಿಸಲೇಬೇಕು, ಚೆಂಡುರುಳಿಸಿ ಆಡುವ ಹುಲ್ಲುಹಾಸಿನ ನುಣುಪನ್ನು ಬೀದಿಯಲ್ಲಿ ಅಪೇಕ್ಷಿಸಬಾರದು ಎಂಬ ಅಭಿಪ್ರಾಯ ಹೊರಟಿತು. 1992ರಲ್ಲಿ ಬಾರ್ನ್‌ಸ್ಲಿಯ ಒಂದು ಪ್ರಕರಣದಲ್ಲಿ ಇಟ್ಟಿಗೆಯ ಮೂಲೆ ಕಿತ್ತುಹೋಗಿ ಒಂದೂಕಾಲು ಅಂಗುಲ ಆಳದ ಗುಳಿಯಾಗಿತ್ತು. ಹೆಂಗಸೊಬ್ಬಳ ಪಾದರಕ್ಷೆಯ ಹಿಮ್ಮಡಿ ಸಿಕ್ಕಿ ಆಕೆ ಬಿದ್ದಳು. ಕೆಳಗಿನ ನ್ಯಾಯಾಲಯದಲ್ಲಿ ಗೆದ್ದ ಆಕೆ ಮೇಲಿನದರಲ್ಲಿ ಸೋತಳು. ಇಂಥ ಪ್ರತಿ ಗುಳಿಗೂ ಹಣ ತೆರುತ್ತ ಹೋದರೆ ಸಾರ್ವಜನಿಕ ದ್ರವ್ಯವು ಹೆಚ್ಚು ಅವಶ್ಯಕವಾದ ಕಾರ್ಯಗಳಿಂದ ಈ ಕಡೆಗೆ ಹರಿದುಹೋಗುವುದೆಂಬುದು ನ್ಯಾಯಾಧೀಶರ ಚಿಂತೆ. ಚಿಂತೆ ಯಥಾರ್ಥವಾದದ್ದೇ. ಆದರೂ 1788ರ ಆ ಹಳೆಯ ದನಿಯ ಮಾರ್ದನಿ ಇಲ್ಲಿ ನನಗೆ ಕೇಳಿಬರುತ್ತದೆ.

ಒಂದು ಅಂಗುಲವೆಂಬ ಅಳತೆಗೋಲು ಕಚೇರಿಗಳಲ್ಲಿ ಬಳಕೆಗೆ ಬಂದಿದ್ದರೂ ಶಾಸನದಲ್ಲಿ ಅದು ಎಲ್ಲಿಯೂ ಇಲ್ಲ. ಸ್ಥಳವೆಂಥದು, ಓಡಾಟವೆಷ್ಟು ಎಂಬುದರ ಮೇಲೆ ತೀರ್ಮಾನವು ನಿಲ್ಲುತ್ತದೆ.

ವಾದಿಯು ಇಷ್ಟನ್ನೂ ಸ್ಥಾಪಿಸಿದ ಮೇಲೆ 58ನೆಯ ಪ್ರಕರಣವು ಎದುರಾಗುತ್ತದೆ. ಸಂದರ್ಭಕ್ಕೆ ತಕ್ಕ ಎಚ್ಚರಿಕೆಯನ್ನೆಲ್ಲ ವಹಿಸಿದ್ದೆವೆಂದು ಅಧಿಕಾರಿಗಳು ತೋರಿಸಿಕೊಟ್ಟರೆ ಅವರು ಪಾರಾಗುವರು. ಅದನ್ನು ರುಜುವಾತು ಮಾಡುವ ಭಾರ ಮಾತ್ರ ಅವರದೇ. ತನಿಖೆ ಎಷ್ಟು ತಿಂಗಳಿಗೊಮ್ಮೆ, ಕಡೆಯ ಬಾರಿ ನೋಡಿದವರು ಯಾರು, ದೂರು ಬಂದಿತ್ತೇ, ಬಂದ ಮೇಲೆ ಎಷ್ಟು ದಿನ ಸುಮ್ಮನಿದ್ದರು, ಎಚ್ಚರಿಕೆಯ ಫಲಕವನ್ನಾದರೂ ನೆಟ್ಟರೇ—ಎಲ್ಲವೂ ದಫ್ತರದಿಂದ ಹೊರಬರಬೇಕು. ಆದ್ದರಿಂದಲೇ, ತಾನು ಬೀಳದಿದ್ದರೂ ಕೆಟ್ಟ ಕಲ್ಲನ್ನು ಕಂಡು ಒಂದು ಕಾಗದ ಬರೆದುಹಾಕಿದ ನಾಗರಿಕನು ಮುಂದೆ ಬೀಳುವ ಅಪರಿಚಿತನಿಗೆ ದೊಡ್ಡ ಉಪಕಾರವನ್ನು ಮಾಡಿರುತ್ತಾನೆ. ಆ ಕಾಗದ ದಾಖಲಾದ ಮೇಲೆ, ತಮಗೆ ತಿಳಿಯದೆಂದು ಹೇಳುವುದು ಕಚೇರಿಗೆ ಕಷ್ಟ.

ಬಿದ್ದವರು ಮಾಡತಕ್ಕದ್ದೇನು? ಕಲ್ಲನ್ನು ಸರಿಪಡಿಸುವ ಮುನ್ನ ಅದರ ಛಾಯಾಚಿತ್ರ ತೆಗೆಸಬೇಕು. ಪಕ್ಕದಲ್ಲಿ ಅಳತೆಯ ಪಟ್ಟಿಯನ್ನೋ ಒಂದು ನಾಣ್ಯವನ್ನೋ ಇಟ್ಟರೆ ಆಳವು ತಾನೇ ಮಾತನಾಡುತ್ತದೆ. ಕಂಡವರ ಹೆಸರು ವಿಳಾಸ, ಸ್ಥಳ, ದಿನ, ವೇಳೆ, ವೈದ್ಯರ ಬರಹ, ಔಷಧದ ರಸೀದಿ, ಕಳೆದುಕೊಂಡ ಸಂಬಳದ ಲೆಕ್ಕ ಎಲ್ಲವೂ ಇರಬೇಕು. ದಾವೆಗೆ ಅಲ್ಲಿ ಸಾಮಾನ್ಯವಾಗಿ ಮೂರು ವರ್ಷಗಳ ಗಡುವು. ನೋಡದೆ ನಡೆದುದರಲ್ಲಿ ತನ್ನದೂ ತಪ್ಪಿದ್ದರೆ ಪರಿಹಾರವು ಆ ಪ್ರಮಾಣಕ್ಕೆ ಇಳಿಯುವುದು. 1945ಕ್ಕೆ ಹಿಂದೆ ಅಂಥ ತಪ್ಪು ದಾವೆಯನ್ನೇ ಮುಳುಗಿಸಬಹುದಾಗಿತ್ತು.

ಕಣ್ಣಿಲ್ಲದವರ ಗತಿಯೇನು? 1956ರಲ್ಲಿ ಲಂಡನ್ನಿನ ವಿದ್ಯುಚ್ಛಕ್ತಿ ಮಂಡಲಿಯ ಕೆಲಸಗಾರರು ಕಾಲುದಾರಿಯಲ್ಲಿ ಹಳ್ಳ ತೋಡಿ, ತಡೆಯಾಗಿ ಒಂದು ಸುತ್ತಿಗೆಯ ಹಿಡಿಯನ್ನು ಓರೆಯಾಗಿ ಇಟ್ಟಿದ್ದರು. ಕಣ್ಣುಳ್ಳವರಿಗೆ ಅದು ಸಾಕಾಗಿತ್ತು. ಕೋಲೂರಿ ಬಂದ ಅಂಧನೊಬ್ಬನಿಗೆ ಅದು ಕೋಲಿಗೆ ತಾಗದೆ ಕಾಲಿಗೆ ತಾಗಿತು. ಬಿದ್ದ ಪೆಟ್ಟಿನಿಂದ ಆತನ ಕಿವಿಯೂ ಹೋಯಿತು. ಅಂಧರೂ ಬೀದಿಯಲ್ಲಿ ನಡೆಯುವರೆಂಬುದನ್ನು ಕೆಲಸಗಾರರು ಮುಂದಾಗಿ ಯೋಚಿಸಬೇಕಾಗಿತ್ತೆಂದು 1964ರಲ್ಲಿ ಲಾರ್ಡ್ಸ್ ಸಭೆಯು ತೀರ್ಪಿತ್ತಿತು.

ನಮ್ಮಲ್ಲಿ 1980ರ ಆ ಶಾಸನದಂಥದು ಇಲ್ಲ. ಅಲಕ್ಷ್ಯದ ಸಾಮಾನ್ಯ ನ್ಯಾಯವನ್ನೇ ಆಶ್ರಯಿಸಬೇಕು. ದೆಹಲಿಯ ಚಾಂದನಿ ಚೌಕದಲ್ಲಿ ಗಡಿಯಾರದ ಗೋಪುರ ಕುಸಿದು ಜನರು ಸತ್ತ ಮೊಕದ್ದಮೆಯಲ್ಲಿ, ರಸ್ತೆಯ ಪಕ್ಕದ ತನ್ನ ಕಟ್ಟಡವನ್ನು ಪರೀಕ್ಷಿಸುತ್ತಿರುವುದು ನಗರಸಭೆಯ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1966ರಲ್ಲಿ ಹೇಳಿತು. ಪಾದಚಾರಿಗಳಿಗೆ ತಕ್ಕ ಕಾಲುದಾರಿಯಿರುವುದು ಸಂವಿಧಾನದ 21ನೆಯ ವಿಧಿಯ ಹಕ್ಕಿಗೆ ಸೇರಿದುದೆಂದು ಅದೇ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಸಾರಿತು. ಆದರೂ ಒಂದು ನಿರ್ದಿಷ್ಟ ಕಲ್ಲನ್ನು ಎಡವಿದವನು ನಗರಸಭೆಯ ಅಲಕ್ಷ್ಯವನ್ನು ಇಲ್ಲಿ ತಾನೇ ಸ್ಥಾಪಿಸಬೇಕು. ಛಾಯಾಚಿತ್ರ, ಸಾಕ್ಷಿ, ರಸೀದಿ, ಹಿಂದೆ ಕೊಟ್ಟ ದೂರಿನ ನಕಲು—ಇವು ಲಂಡನ್ನಿಗಿಂತಲೂ ಬೆಂಗಳೂರಿನಲ್ಲಿ ಹೆಚ್ಚು ಅಗತ್ಯ.