ಹೆಸರಿನ ನಡುವಣ ಅಕ್ಷರ

ಒಬ್ಬ ವ್ಯಕ್ತಿಯ ಪೂರ್ಣ ಹೆಸರಿನಲ್ಲಿ ಅವನಿಗೇ ಸ್ವಂತವಾದ ಭಾಗ ಬಹು ಚಿಕ್ಕದು. ಅದರ ಹಿಂದೆ ಮುಂದೆ ಸೇರಿಕೊಂಡಿರುವ ಊರು, ತಂದೆ, ಮನೆತನ, ಕಸುಬು ಇವೆಲ್ಲ ಸಮಾಜವು ಅವನಿಗೆ ಕೊಟ್ಟ ಗುರುತುಗಳು. ಯಾವ ಕಾಲದಲ್ಲಿ ಯಾವ ಗುರುತಿಗೆ ಮನ್ನಣೆ ಹೆಚ್ಚಾಗಿದ್ದಿತೆಂಬುದನ್ನು ಹೆಸರುಗಳ ಜೋಡಣೆಯಿಂದಲೇ ತಿಳಿಯಬಹುದು. ಬೆಂಗಳೂರಿನ ದಂಡುಪ್ರದೇಶ ಮತ್ತು ಅದರ ಪೂರ್ವಕ್ಕಿರುವ ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳು ಇಂತಹ ಅವಲೋಕನಕ್ಕೆ ತಕ್ಕ ಕ್ಷೇತ್ರಗಳು. ಕನ್ನಡ ನಾಡಿನ ಎರಡು ಭಾಗಗಳ ನಾಮಪದ್ಧತಿಗಳು ಅಲ್ಲಿ ಒಂದೇ ಹಾಜರಿ ಪುಸ್ತಕದಲ್ಲಿ ಸಂಧಿಸಿದವು. ಆ ಸಂಧಿಯ ಅರ್ಥ ಮನದಟ್ಟಾಗಬೇಕಾದರೆ ಮೊದಲು ಶರಣರ ಹೆಸರುಗಳನ್ನು ನೋಡಬೇಕು.

ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ, ತುರುಗಾಹಿ ರಾಮಣ್ಣ, ಆಯ್ದಕ್ಕಿ ಮಾರಯ್ಯ. ಹನ್ನೆರಡನೆಯ ಶತಮಾನದ ಈ ಹೆಸರುಗಳಲ್ಲಿ ಮೊದಲ ಪದ ಕಾಯಕವನ್ನು ಸೂಚಿಸುತ್ತದೆ. ಎರಡನೆಯದು ವ್ಯಕ್ತಿಯ ಅಂಕಿತ. ಇವೆರಡರ ನಡುವೆ ತಂದೆಯ ಹೆಸರಿಗೆ ಎಡೆಯಿಲ್ಲ. ಇದು ಆಕಸ್ಮಿಕವಲ್ಲ. ದೀಕ್ಷೆ ಪಡೆದವನು ಗುರುವಿನ ಕರದಲ್ಲಿ ಮತ್ತೆ ಹುಟ್ಟಿದವನು, ಅವನ ಪೂರ್ವಾಶ್ರಯವನ್ನು ಕೇಳಬಾರದು ಎಂಬುದು ಶರಣಧರ್ಮದ ನಿಲುವು. ಕಾಶ್ಮೀರದ ಅರಸನಾಗಿದ್ದನೆಂದು ಪರಂಪರೆ ಹೇಳುವ ಮಹಾನುಭಾವನು ಕಲ್ಯಾಣದಲ್ಲಿ ಸೌದೆಯ ಹೊರೆ ಹೊತ್ತು ಮೋಳಿಗೆ ಮಾರಯ್ಯನೆಂದೇ ಪ್ರಸಿದ್ಧನಾದನು. ಅರಸುತನದ ಕುರುಹು ಅವನ ಹೆಸರಿನಲ್ಲಿ ಉಳಿಯಲಿಲ್ಲ. ಚೌಡಯ್ಯನಂತೂ ಕಾಯಕಸಹಿತವಾದ ತನ್ನ ಹೆಸರನ್ನೇ ವಚನಗಳ ಮುದ್ರಿಕೆಯಾಗಿಸಿಕೊಂಡನು. ಅಗಸನಿಗೂ ಅಂಬಿಗನಿಗೂ ‘ಅಯ್ಯ’ ಎಂಬ ಗೌರವಪ್ರತ್ಯಯ ಸಮಾನವಾಗಿ ದೊರೆತುದನ್ನು ಸಾಹಿತ್ಯ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು.

ಮುಂದಿನ ಶತಮಾನಗಳಲ್ಲಿ ಈ ಸಮಾನತೆ ಸಡಿಲಿತು. ‘ಅಯ್ಯ’ ಎಂಬುದು ವೀರಶೈವರಲ್ಲಿ ಬಹುಮಟ್ಟಿಗೆ ಜಂಗಮರ ಹೆಸರಿಗೆ ಸೀಮಿತವಾಗಿ, ಭಕ್ತರ ಹೆಸರಿಗೆ ‘ಅಪ್ಪ’ ನಿಂತಿತು. ಕಾಯಕದ ಸ್ಥಾನವನ್ನು ಊರು ಮತ್ತು ಮನೆತನ ಆಕ್ರಮಿಸಿದವು. ಆದರೂ ಶರಣರ ನೆನಪು ಅಳಿಯಲಿಲ್ಲ. ಅದು ವ್ಯಕ್ತಿನಾಮದೊಳಗೇ ಸೇರಿಕೊಂಡಿತು. ವಚನ ಸಂಶೋಧಕ ಎಂ.ಎಂ. ಕಲಬುರ್ಗಿಯವರ (1938-2015) ಪೂರ್ಣ ಹೆಸರು ಮಲ್ಲೇಶಪ್ಪ ಮಡಿವಾಳಪ್ಪ ಕಲಬುರ್ಗಿ. ಒಂದು ಕಾಲಕ್ಕೆ ಬಟ್ಟೆ ಒಗೆಯುವ ಕಾಯಕವನ್ನು ಸೂಚಿಸುತ್ತಿದ್ದ ಪದ ಇಲ್ಲಿ ತಂದೆಯ ಹೆಸರಾಗಿ ನಡುವೆ ಕುಳಿತಿದೆ. ಮಾಚಯ್ಯನ ಕಾಯಕಕ್ಕೆ ಸಂದ ಪೂಜ್ಯತೆಗೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಆಧುನಿಕ ಕಾಲದಲ್ಲಿ ಕನ್ನಡಿಗರ ಹೆಸರುಗಳಿಗೆ ಎರಡು ಕ್ರಮಗಳು ಏರ್ಪಟ್ಟವು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರದ ಜಿಲ್ಲೆಗಳಲ್ಲಿ ಮೊದಲು ಸ್ವಂತ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ವಚನಪಿತಾಮಹರೆಂದು ನಾಡು ಗೌರವಿಸುವ ಫ.ಗು. ಹಳಕಟ್ಟಿಯವರು (1880-1964) ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ಸೂಫಿ ಸಂತರ ಪ್ರಭಾವವನ್ನು ನೆನಪಿಸುವ ‘ಫಕೀರ’ ಪದ, ಗುರುವನ್ನೂ ಬಸವನನ್ನೂ ಒಂದಾಗಿಸಿದ ತಂದೆಯ ಹೆಸರು, ಬಳಿಕ ಮನೆತನ: ಮೂರು ಪದಗಳಲ್ಲಿ ಒಂದು ಪ್ರದೇಶದ ಧಾರ್ಮಿಕ ಜೀವನದ ಚಿತ್ರವೇ ಇದೆ.

ಹಳೆಯ ಮೈಸೂರು ಸೀಮೆಯ ಕ್ರಮ ಇದಕ್ಕೆ ವಿಪರೀತ. ಅಲ್ಲಿ ಮೊದಲು ಊರು, ನಡುವೆ ತಂದೆ, ಕೊನೆಗೆ ಸ್ವಂತ ಹೆಸರು. 1943ರಲ್ಲಿ ಮಂಡ್ಯ ಜಿಲ್ಲೆಯ ಬೂಕನಕೆರೆಯಲ್ಲಿ ಜನಿಸಿದ ಮಾಜಿ ಮುಖ್ಯಮಂತ್ರಿಗಳ ಪೂರ್ಣ ಹೆಸರು ಬೂಕನಕೆರೆ ಸಿದ್ಧಲಿಂಗಪ್ಪ ಯಡಿಯೂರಪ್ಪ. ತಂದೆಯ ಹೆಸರು ತೋಂಟದ ಸಿದ್ಧಲಿಂಗ ಯತಿಗಳನ್ನು ನೆನಪಿಸಿದರೆ, ಮಗನ ಹೆಸರು ಆ ಯತಿಗಳ ಗದ್ದುಗೆಯಿರುವ ಎಡೆಯೂರನ್ನು ನೆನಪಿಸುತ್ತದೆ. ಹೀಗೆ ಎರಡು ತಲೆಮಾರುಗಳ ಹೆಸರು ಒಂದೇ ಗದ್ದುಗೆಯತ್ತ ಕೈತೋರುತ್ತದೆ. ಮೂರನೆಯ ತಲೆಮಾರಿನ ಬಿ.ವೈ. ರಾಘವೇಂದ್ರ, ಬಿ.ವೈ. ವಿಜಯೇಂದ್ರ ಎಂಬ ಹೆಸರುಗಳಲ್ಲಿ ‘ಬಿ’ ಎಂಬ ಊರಿನ ಅಕ್ಷರ ಸ್ಥಿರವಾಗಿದ್ದು, ನಡುವಣ ‘ಎಸ್’ ಹೋಗಿ ‘ವೈ’ ಬಂದಿದೆ. ಉತ್ತರದಲ್ಲಿಯೂ ಹೀಗೆಯೇ. 1924ರಲ್ಲಿ ಜನಿಸಿದ ಎಸ್.ಆರ್. ಬೊಮ್ಮಾಯಿಯವರು ಸೋಮಪ್ಪ ರಾಯಪ್ಪ ಬೊಮ್ಮಾಯಿ. 1960ರಲ್ಲಿ ಜನಿಸಿದ ಅವರ ಪುತ್ರರು ಬಸವರಾಜ ಸೋಮಪ್ಪ ಬೊಮ್ಮಾಯಿ. ಅಡ್ಡಹೆಸರು ನಿಂತಲ್ಲೇ ನಿಂತಿದೆ. ನಡುವಣ ರಾಯಪ್ಪ ಹೋಗಿ ಸೋಮಪ್ಪ ಬಂದಿದೆ.

ಎರಡು ಕ್ರಮಗಳಿಗೂ ಸಮಾನವಾದ ಒಂದು ನಿಯಮ ಇದರಿಂದ ಸ್ಪಷ್ಟವಾಗುತ್ತದೆ. ಊರು ಅಥವಾ ಮನೆತನ ಒಂದು ತುದಿಯಲ್ಲಿ, ವ್ಯಕ್ತಿ ಇನ್ನೊಂದು ತುದಿಯಲ್ಲಿ, ನಡುವೆ ತಂದೆ. ತಲೆಮಾರಿನ ಗಡಿಯಾರದ ಮುಳ್ಳು ಈ ನಡುವಣ ಅಕ್ಷರ. ಸ್ವಂತ ಹೆಸರಿನ ರೂಪದಲ್ಲಿಯೂ ಕಾಲಭೇದವಿದೆ. ‘ಅಪ್ಪ’ ಎಂದು ಮುಗಿಯುತ್ತಿದ್ದ ಹೆಸರುಗಳು ಮುಂದಿನ ತಲೆಮಾರಿನಲ್ಲಿ ರಾಜ, ಕುಮಾರ, ಇಂದ್ರ ಎಂದು ಮುಗಿಯತೊಡಗಿದವು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಸಂಪ್ರದಾಯವಿದ್ದ ಮನೆಗಳಲ್ಲಿ ಬಸಪ್ಪನ ಮಗ ಶಿವಪ್ಪ, ಶಿವಪ್ಪನ ಮಗ ಮತ್ತೆ ಬಸಪ್ಪ. ಮಾವನ ಹೆಸರನ್ನು ನಾಲಗೆಯಲ್ಲಿ ತರಬಾರದೆಂದು ಸೊಸೆಯು ತನ್ನ ಮಗುವನ್ನೇ ‘ಅಜ್ಜ’ ಎಂದು ಕರೆಯುತ್ತಿದ್ದುದುಂಟು. ಈಗ ಆ ಮೊಮ್ಮಗ ಬಸವರಾಜನೋ ಬಸವಪ್ರಭುವೋ ಆಗಿರುತ್ತಾನೆ. ದೈವನಾಮ ಉಳಿದು ‘ಅಪ್ಪ’ ಎಂಬ ಹಿರಿತನದ ಪ್ರತ್ಯಯ ಮಾತ್ರ ಕಳಚಿದೆ.

ಈ ಎರಡು ಕ್ರಮಗಳು ಬೆಂಗಳೂರಿನ ಪೂರ್ವಭಾಗದಲ್ಲಿ ಹೇಗೆ ಸಂಧಿಸಿದವು? 1809ರಲ್ಲಿ ದಂಡು ನೆಲೆಗೊಂಡ ಮೇಲೆ ಹಲಸೂರು ಮತ್ತು ಈಗಿನ ಶಿವಾಜಿನಗರದ ಸುತ್ತ ತಮಿಳು ಮಾತನಾಡುವ ವರ್ತಕರೂ ಗುತ್ತಿಗೆದಾರರೂ ಬಂದು ನೆಲೆಸಿದರು. ಅವರಲ್ಲಿ ಊರು, ಹೆಸರು, ಕುಲ ಎಂಬ ಜೋಡಣೆಯಿದ್ದಿತು. 1873ರಲ್ಲಿ ಶಾಲೆಯೊಂದನ್ನು ಸ್ಥಾಪಿಸಿದ ದಾನಿ ಆರ್ಕಾಟು ನಾರಾಯಣಸ್ವಾಮಿ ಮುದಲಿಯಾರರ ಹೆಸರು ಇದಕ್ಕೆ ನಿದರ್ಶನ. ಅವರ ರಾಯ್ ಬಹದ್ದೂರ್ ಬಿರುದೂ ಸೇರಿ ಆ ವಿದ್ಯಾಸಂಸ್ಥೆ ಇಂದು ಆರ್.ಬಿ.ಎ.ಎನ್.ಎಂ. ಎಂಬ ಐದು ಅಕ್ಷರಗಳಾಗಿದೆ. ಬಿರುದು, ಊರು, ಹೆಸರು, ಕುಲ ಎಲ್ಲವೂ ಅಲ್ಲಿವೆ; ಬಿಡಿಸಿ ಹೇಳುವವರಿಲ್ಲದಿದ್ದರೆ ಯಾವುದೂ ಇಲ್ಲ.

1940ರಲ್ಲಿ ವಿಮಾನ ಕಾರ್ಖಾನೆಯೂ 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆಯೂ ಆರಂಭವಾದವು. 1949ರಲ್ಲಿ ದಂಡು ಮತ್ತು ಪೇಟೆಗಳ ಪುರಸಭೆಗಳು ಒಂದಾಗಿ ನಗರಪಾಲಿಕೆಯಾಯಿತು. 1956ರ ಏಕೀಕರಣದ ಬಳಿಕ ಉತ್ತರದ ಜಿಲ್ಲೆಗಳವರಿಗೂ ಬೆಂಗಳೂರೇ ರಾಜಧಾನಿಯಾಯಿತು. ಹಿರೇಮಠ, ಪಾಟೀಲ ಎಂಬ ಅಡ್ಡಹೆಸರಿನವರೂ ಊರಿನ ಅಕ್ಷರವನ್ನು ಮುಂದಿಟ್ಟುಕೊಂಡ ನಂಜಪ್ಪ, ಮಹದೇವಪ್ಪಂದಿರೂ ಒಂದೇ ಕಚೇರಿಯಲ್ಲಿ ಸಹೋದ್ಯೋಗಿಗಳಾದರು. ಮೊದಲ ಹೆಸರು, ನಡುವಣ ಹೆಸರು, ಕೊನೆಯ ಹೆಸರು ಎಂದು ಮೂರು ಮನೆಗಳುಳ್ಳ ಅರ್ಜಿ ಉತ್ತರದವರಿಗೆ ಸುಲಭವಾಗಿ ಹೊಂದಿತು. ದಕ್ಷಿಣದವರು ಅದನ್ನು ತಮ್ಮ ಕ್ರಮದಲ್ಲಿ ತುಂಬಿದರೆ ಊರೇ ವ್ಯಕ್ತಿಯ ಹೆಸರಾಗುವುದು, ವ್ಯಕ್ತಿಯ ಹೆಸರು ಮನೆತನವಾಗುವುದು!

ಈಚಿನ ದಶಕಗಳಲ್ಲಿ ಪಾಸ್‌ಪೋರ್ಟ್, ವಿಮಾನದ ಟಿಕೆಟು, ಗಣಕಯಂತ್ರದ ಕಚೇರಿಗಳು ಇನ್ನೊಂದು ಬದಲಾವಣೆಯನ್ನು ತಂದಿವೆ. ಅಡ್ಡಹೆಸರಿಲ್ಲದವರು ತಂದೆಯ ಹೆಸರನ್ನೇ ಬಿಡಿಸಿ ಕೊನೆಗೆ ಬರೆಯುತ್ತಾರೆ. ವಿದೇಶದಲ್ಲಿ ಅವರನ್ನು ಗೌರವದಿಂದ ಕರೆಯುವವರು ತಂದೆಯ ಹೆಸರಿನಿಂದಲೇ ಕರೆಯುತ್ತಾರೆ. ಊರಿನ ಅಕ್ಷರವಂತೂ ಮೊದಲೇ ಬಿದ್ದುಹೋಗಿರುತ್ತದೆ. ಇಂದಿರಾನಗರದಲ್ಲಿ ಹುಟ್ಟಿ ಬೆಳೆದ ಮಗುವಿಗೆ ಅಜ್ಜನ ಹಳ್ಳಿ ರಜೆಯ ದಿನಗಳಲ್ಲಿ ಹೋಗಿಬರುವ ಸ್ಥಳ. ಕೃಷ್ಣರಾಜಪುರವೇ ಜನರ ಬಾಯಲ್ಲಿ ಕೆ.ಆರ್. ಪುರವಾಗಿರುವಾಗ ಮನುಷ್ಯರ ಊರು ಅಕ್ಷರದಿಂದಲೂ ಜಾರಿದರೆ ಆಶ್ಚರ್ಯವೇನು?

ಹೆಣ್ಣುಮಕ್ಕಳ ಹೆಸರಿನ ವಿಚಾರದಲ್ಲಿ ಪ್ರಶ್ನೆ ಇನ್ನೂ ಗಹನವಾದುದು. ಮದುವೆಯಾದೊಡನೆ ಅವರ ನಡುವಣ ಹೆಸರು ತಂದೆಯಿಂದ ಗಂಡನಿಗೆ ಬದಲಾಗುವುದು ರೂಢಿ. ಶಾಲೆಯ ಪ್ರಮಾಣಪತ್ರದಲ್ಲಿ ಒಂದು ಹೆಸರು, ಮತದಾರರ ಪಟ್ಟಿಯಲ್ಲಿ ಇನ್ನೊಂದು. ಇಬ್ಬರೂ ಒಬ್ಬಳೇ ಎಂದು ಸಾಧಿಸಲು ಪ್ರಮಾಣಪತ್ರ ಮಾಡಿಸಿ ಅಲೆಯಬೇಕಾಗುತ್ತದೆ. ಶರಣೆಯರಲ್ಲಿಯೂ ಕೆಲವರು ಇಂತಹವರ ಪುಣ್ಯಸ್ತ್ರೀ ಎಂದೇ ದಾಖಲಾಗಿದ್ದಾರೆ, ನಿಜ. ಆದರೆ ಕದಿರ ರೆಮ್ಮವ್ವೆಯ ಹೆಸರಿನ ಮುಂದೆ ನೂಲುವ ಕದಿರಿದೆ. ಕೊಟ್ಟಣದ ಸೋಮಮ್ಮನ ಹೆಸರಿನ ಮುಂದೆ ಭತ್ತ ಕುಟ್ಟುವ ಕಾಯಕವಿದೆ. ತಾವು ಮಾಡುವ ಕಾಯಕದಿಂದಲೇ ಗುರುತು ಪಡೆದ ಈ ತಾಯಂದಿರ ಹೆಸರು ಬದಲಾಗಬೇಕಾದ ಅಗತ್ಯವೇ ಇರಲಿಲ್ಲ. ಎಂಟುನೂರು ವರ್ಷಗಳ ಹಿಂದೆ ಸಾಧ್ಯವಾದುದು ಇಂದು ಕಷ್ಟವಾಗಿರುವುದನ್ನು ಸಮಾಜ ಆಲೋಚಿಸಬೇಕಾಗಿದೆ.

ಹಾಗೆಂದು ಕಾಯಕನಾಮಗಳನ್ನು ಮತ್ತೆ ಚಾಲ್ತಿಗೆ ತರಬೇಕೆಂದಲ್ಲ. ಇಂದಿನ ಸಮಾಜದಲ್ಲಿ ಅವು ಜಾತಿಯ ಗುರುತಾಗಿ ತಿರುಗುವ ಅಪಾಯವಿದೆ. ತಂದೆಯ ಹೆಸರನ್ನು ಬಿಡಬೇಕೆಂದೂ ಅಲ್ಲ. ಕುಲದ ಹೆಮ್ಮೆಗಾಗಿ ಇಟ್ಟುಕೊಂಡ ನಡುವಣ ಹೆಸರು ಶರಣರ ಮಾರ್ಗಕ್ಕೆ ಹೊರಗು. ಕೃತಜ್ಞತೆಗಾಗಿ ಇಟ್ಟುಕೊಂಡದ್ದು ಹೊರಗಲ್ಲ. ಆ ಕೃತಜ್ಞತೆಗೆ ತಾಯಿಯೂ ಭಾಗಿಯಾದರೆ ತಪ್ಪೇನೂ ಇಲ್ಲ.

ಮಾಡಬಹುದಾದ ಒಂದು ಸುಲಭ ಕಾರ್ಯವಿದೆ. ಹಿಂದಿನ ವಿದ್ವಾಂಸರು ಫ.ಗು. ಹಳಕಟ್ಟಿ, ಶಿ.ಶಿ. ಬಸವನಾಳ, ದ.ರಾ. ಬೇಂದ್ರೆ ಎಂದು ಕನ್ನಡ ಅಕ್ಷರಗಳನ್ನೇ ಬಳಸುತ್ತಿದ್ದರು. ಇಂಗ್ಲಿಷಿನ ‘ಎಸ್’ ಎಂಬ ಒಂದೇ ಅಕ್ಷರದಲ್ಲಿ ಸಿದ್ಧಪ್ಪ, ಶಿವಪ್ಪ, ಸೋಮಪ್ಪ, ಷಡಕ್ಷರಪ್ಪ ಎಲ್ಲರೂ ಅಡಗಿಹೋಗುತ್ತಾರೆ. ‘ಸಿ’, ‘ಶಿ’, ‘ಸೋ’, ‘ಷ’ ಎಂದು ಬರೆದಾಗ ಹೆಸರಿನ ಮೊದಲ ಧ್ವನಿಯಾದರೂ ಕಿವಿಗೆ ಬೀಳುತ್ತದೆ. ಮನೆಯ ಆಹ್ವಾನಪತ್ರಿಕೆಯಲ್ಲಿ, ಪುಸ್ತಕದ ಮೇಲಿನ ಹೆಸರಿನಲ್ಲಿ ಇಷ್ಟನ್ನು ಮಾಡಲು ಯಾವ ಕಚೇರಿಯ ಅಪ್ಪಣೆಯೂ ಬೇಡ. ಅದರ ಜೊತೆಗೆ, ಲಿಂಗಧಾರಣೆಯ ದಿನ ಮಗುವಿನ ಹೆಸರಿನ ಪ್ರತಿಯೊಂದು ಅಕ್ಷರವೂ ಯಾರದೆಂಬುದನ್ನು ಹಿರಿಯರು ಒಂದು ಹಾಳೆಯಲ್ಲಿ ಬರೆದಿಡಲಿ. ಮಗು ಬೆಳೆದು ಓದಲು ಕಲಿತ ದಿನ ಆ ಹಾಳೆ ಅದರ ಮೊದಲ ಪಾಠವಾಗಲಿ.